ಅದೇ ನಂಬರಿನ ಬೋರ್ಡು

ಸುಟ್ಟ ವಾಸನೆ ಮೊದಲು ತಟ್ಟಿದ್ದು ಅತ್ತೆಯ ಮೂಗಿಗೆ. ಹಾಲು ತಳ ಹಿಡಿಯಿತೆಂದು ಅವರು ಅಡುಗೆಮನೆಗೆ ಓಡಿದರು. ಒಲೆಯ ಮೇಲೆ ಹಾಲೇ ಇರಲಿಲ್ಲ. ವಾಸನೆಯ ಜಾಡು ಹಿಡಿದು ಮುಂದಿನ ಕೋಣೆಗೆ ಬಂದರೆ ಮಗ, ಸೊಸೆಯ ಮೇಜಿನ ಮುಂದೆ ಪ್ಲಗ್ಗು ಕೈಯಲ್ಲಿ ಹಿಡಿದು ನಿಂತಿದ್ದ. ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಯ ಸಂದಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಏನೋ ಅದು?"

"ಏನಿಲ್ಲಮ್ಮ. ಕಿಟಕಿ ತೆಗಿ."

ಸೊಸೆ ತಾರಸಿಯಲ್ಲಿ ಬಟ್ಟೆ ಒಣಹಾಕಿ ಇಳಿದು ಬಂದಾಗ ಕಿಟಕಿ ತೆರೆದಿತ್ತು, ಫ್ಯಾನು ಜೋರಾಗಿ ತಿರುಗುತ್ತಿತ್ತು, ಗಂಡ ಎಂದೂ ಇಲ್ಲದ ಹಾಗೆ ಪೊರಕೆ ಹಿಡಿದು ನೆಲ ಗುಡಿಸುತ್ತಿದ್ದ. ಪೊರಕೆ ನೋಡಿಯೇ ಅವಳು ತನ್ನ ಮೇಜಿನ ಕಡೆ ತಿರುಗಿದಳು.

"ಏನ್ ಮಾಡಿದ್ರಿ?"

"ನಿನ್ನ ಹಾರ್ಡ್‌ಡಿಸ್ಕಲ್ಲಿ ಒಂದು ಸಿನಿಮಾ ಹಾಕ್ಕೊಳ್ಳೋಣ ಅಂತ ಹಚ್ಚಿದೆ ಕಣೇ. ಇದರ ಅಡಾಪ್ಟರ್ ಸಿಗಲಿಲ್ಲ, ಲ್ಯಾಪ್‌ಟಾಪಿಂದು ಹಾಕಿದೆ. ಪಿನ್ನು ಸರಿಯಾಗೇ ಕೂತಿತ್ತು."

ಕೋಣೆಯ ಇನ್ನೊಂದು ಮಗ್ಗುಲಲ್ಲಿ ಮೋಟರಿಗೆ ತಂತಿ ಸುತ್ತುತ್ತಿದ್ದ ಮಾವ ಎದ್ದು ಬಂದು ಎರಡೂ ಅಡಾಪ್ಟರುಗಳನ್ನು ತಿರುಗಿಸಿ ಓದಿದರು.

"ಪಿನ್ನು ಕೂತ್ರೆ ಆಯ್ತೇನೋ? ಟೊಪ್ಪಿಗೇನೂ ನಿನ್ನ ತಲೆ ಮೇಲೆ ಚೆನ್ನಾಗೇ ಕೂರುತ್ತೆ, ಅದಕ್ಕೇ ಒಳಗೆ ಬುದ್ಧಿ ಇದೆ ಅಂತಾನಾ? ಹನ್ನೆರಡು ವೋಲ್ಟಿನ ಸಾಮಾನಿಗೆ ಹತ್ತೊಂಬತ್ತು ಕೊಟ್ಟಿದ್ದೀಯ."

ಸೊಸೆ ಮೇಜಿನ ಬಳಿ ಬಂದಳು. ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. ಇನ್ನೂ ಬಿಸಿಯಾಗಿತ್ತು.

ಅದರೊಳಗೆ ಅವಳ ಏಳು ವರ್ಷದ ಕೆಲಸವಿತ್ತು. ಶಾಲೆ, ಆಸ್ಪತ್ರೆ, ಕಾರ್ಖಾನೆ, ಸಾರಿಗೆ ಸಂಸ್ಥೆ ಎಂದು ಊರಿನ ಮುಕ್ಕಾಲು ಸಮವಸ್ತ್ರಗಳ ಜೇಬಿನ ಮೇಲೆ ಕೂರುವ ಲಾಂಛನಗಳನ್ನು ಅವಳು ಕಂಪ್ಯೂಟರಿನಲ್ಲಿ ಬಿಡಿಸಿ, ಕಸೂತಿ ಯಂತ್ರಕ್ಕೆ ಅರ್ಥವಾಗುವ ಹಾಗೆ ಹೊಲಿಗೆ ಹೊಲಿಗೆಯಾಗಿ ಬರೆದಿದ್ದಳು. ಸೂಜಿ ಎಲ್ಲಿ ಇಳಿಯಬೇಕು, ಯಾವ ದಿಕ್ಕಿಗೆ ಹೊರಳಬೇಕು, ಎಲ್ಲಿ ದಾರ ಬದಲಾಗಬೇಕು ಎಂಬುದೆಲ್ಲ ಅದರಲ್ಲಿತ್ತು. ಒಂದೇ ಲಾಂಛನವಾದರೂ ಅಂಗಿಗೆ ಬೇರೆ, ಸ್ವೆಟರಿಗೆ ಬೇರೆ, ಟೊಪ್ಪಿಗೆಗೆ ಬೇರೆ. ಒಂದೊಂದಕ್ಕೂ ಎರಡು ಮೂರು ದಿನ ಹಿಡಿಯುತ್ತಿತ್ತು. ಬೀದಿಯವರು ಅವಳನ್ನು ಬ್ಯಾಡ್ಜಕ್ಕ ಎಂದೇ ಕರೆಯುತ್ತಿದ್ದರು. ಇನ್ನೊಂದು ಡಿಸ್ಕು ಕೊಂಡು ಎಲ್ಲದರ ನಕಲು ಇಡಬೇಕೆಂದು ಅವಳು ಕೇಳುತ್ತಲೇ ಇದ್ದಳು. ಅವಳ ದುಡಿಮೆ ಬೀಳುತ್ತಿದ್ದದ್ದು ಮನೆಯ ಡಬ್ಬಿಗೆ. ಡಬ್ಬಿಯ ಕೀಲಿ ಅತ್ತೆಯದು. "ಪೆಟ್ಟಿಗೆ ಕಾಯೋಕೆ ಇನ್ನೊಂದು ಪೆಟ್ಟಿಗೇನಾ?" ಎಂದು ಅತ್ತೆ ಮೂಗು ಮುರಿದಿದ್ದರು. "ಮುಂದಿನ ತಿಂಗಳು ನೋಡೋಣ" ಎಂದು ಗಂಡ ಹೇಳಿದ್ದ. ಎಷ್ಟೋ ಮುಂದಿನ ತಿಂಗಳುಗಳು ಹಿಂದೆ ಹೋಗಿದ್ದವು.

ಡಿಸ್ಕು ಸುಟ್ಟ ಹೊತ್ತೂ ಕೆಟ್ಟದ್ದು. ಸಮವಸ್ತ್ರದ ಅಂಗಡಿಯ ಸಾಹುಕಾರ, ಶಾಲೆಗಳು ತೆರೆಯುವ ಮೊದಲು ಅಷ್ಟೂ ಲಾಂಛನಗಳ ಕೆಲಸವನ್ನು ವರ್ಷದ ಲೆಕ್ಕದಲ್ಲಿ ಅವಳೊಬ್ಬಳಿಗೇ ವಹಿಸುವುದೆಂದು ಮಾತಾಗಿತ್ತು. ಅವನ ಅಂಗಡಿಯ ಹಿಂದಿನ ಕೋಣೆ ಖಾಲಿಯಿತ್ತು. ಅದನ್ನೂ ಅವಳಿಗೇ ಬಿಟ್ಟುಕೊಡುವುದಾಗಿ ಅವನು ಹೇಳಿದ್ದ. ಕಿಟಕಿ ಎಲ್ಲಿದೆ, ಯಂತ್ರ ಎಲ್ಲಿ ನಿಲ್ಲಿಸಬೇಕು ಎಂದು ಅವಳು ಹೋಗಿ ಅಳತೆ ಮಾಡಿಕೊಂಡು ಬಂದಿದ್ದಳು.

ಆ ಕೋಣೆಯ ವಿಷಯ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ ಇತ್ತು. ಮಾವನಿಗೆ ಅವಳು ಹೋದರೆ ತನ್ನ ಜಾಗ ತನಗೆ ಸಿಗುತ್ತದೆಂಬ ಆಸೆ. ಮುಂದಿನ ಕೋಣೆಯಲ್ಲಿ ಅರ್ಧ ಅವರ ರಿಪೇರಿ ಮೇಜು, ಅರ್ಧ ಅವಳ ಯಂತ್ರ. ಯಂತ್ರದ ಟಕಟಕ ಶಬ್ದಕ್ಕೆ ಗಿರಾಕಿ ಹೇಳುವುದು ಕೇಳುವುದಿಲ್ಲವೆಂದು ಅವರಿಗೆ ದಿನವೂ ಸಿಡಿಮಿಡಿ. ಅತ್ತೆಗೆ ಮಾತ್ರ ಕೋಣೆಯ ಮಾತೆತ್ತಿದರೇ ಮುಖ ಊದಿಕೊಳ್ಳುತ್ತಿತ್ತು.

"ಹೋಗ್ಲಿ, ಹೋಗ್ಲಿ. ನಾನು ಮಂಡಿ ಹಿಡ್ಕೊಂಡು ಒಲೆ ಮುಂದೆ ನಿಂತ್ಕೋತೀನಿ. ಈ ಮನೇಲಿ ನಂಗೆ ಬರೋ ನಿವೃತ್ತಿ ಅದೇ ತಾನೇ?"

ಮರುದಿನ ಸೊಸೆ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಾಗ ಮಾವ ತಾವೂ ಚಪ್ಪಲಿ ಮೆಟ್ಟಿದರು. "ನೀನೊಬ್ಳೇ ಹೋದ್ರೆ ಟೋಪಿ ಹಾಕ್ತಾರೆ. ರಿಪೇರಿ ಅಂಗಡಿಯವರ ಬುದ್ಧಿ ನಂಗೆ ಗೊತ್ತು."

ಡಿಸ್ಕು ರಿಪೇರಿಯವನು ಬೋರ್ಡಿನ ಮೇಲೆ 'ಡಿಸ್ಕ್ ಡಾಕ್ಟರ್' ಎಂದು ಬರೆಸಿಕೊಂಡಿದ್ದ. ಪೆಟ್ಟಿಗೆ ಬಿಚ್ಚಿ, ಡಿಸ್ಕನ್ನು ಮಗುಚಿ ಹಾಕಿ, ಅದರ ತಳಕ್ಕೆ ಅಂಟಿಕೊಂಡಿದ್ದ ಅಂಗೈಗಿಂತ ಚಿಕ್ಕದಾದ ಹಸಿರು ಬೋರ್ಡನ್ನು ಕಳಚಿದ. ಒಂದು ಮೂಲೆ ಕರಕಲಾಗಿತ್ತು.

"ನಿಮ್ಮ ಅದೃಷ್ಟ ಚೆನ್ನಾಗಿದೆ. ಒಳಗಿನ ತಟ್ಟೆಗಳಿಗೆ ಏನೂ ಆಗಿರಲ್ಲ. ಬೋರ್ಡು ಮಾತ್ರ ಹೋಗಿದೆ. ಬೇರೆ ಬೋರ್ಡು ಹಾಕಿದ್ರೆ ಎಲ್ಲಾ ವಾಪಸ್ ಬರುತ್ತೆ."

"ಹಾಕಿ ಮತ್ತೆ," ಎಂದರು ಮಾವ.

"ಇದ್ರೆ ತಾನೇ ಯಜಮಾನ್ರೇ ಹಾಕೋದು? ಹೊರಗಡೆಯಿಂದ ತರಿಸೋಕೆ ಎರಡು ತಿಂಗಳು ಬೇಕು. ನೀವೇ ಹಳೇ ಕಂಪ್ಯೂಟರ್ ಬೀದೀಲಿ ಹುಡುಕಿ. ಡಿಸ್ಕಿನ ಮೇಲಿನ ಚೀಟಿ ನೋಡಿ ತರಬೇಡಿ. ಒಂದೇ ಕಂಪನಿ, ಒಂದೇ ಸೈಜು ಅಂದ್ರೂ ಒಳಗೆ ಬೋರ್ಡು ಬೇರೆ ಬೇರೆ ಇರುತ್ತೆ. ಇಲ್ಲಿ ನೋಡಿ, ಬೋರ್ಡಿನ ಮೇಲೇ ಅಚ್ಚಾಗಿದೆಯಲ್ಲ, ಈ ನಂಬರು. ಕೊನೇ ಅಕ್ಷರದ ತನಕ ಹೊಂದಬೇಕು."

"ಹೊಂದಿದ್ರೆ?"

"ಎರಡು ಬೋರ್ಡನ್ನೂ ತನ್ನಿ. ಈ ಮೂಲೇಲಿ ಎಂಟು ಕಾಲಿನ ಸಣ್ಣ ಚಿಪ್ ಇದೆ ನೋಡಿ. ಇದನ್ನ ಹಳೇದ್ರಿಂದ ಎಬ್ಬಿಸಿ ಹೊಸದಕ್ಕೆ ಬೆಸುಗೆ ಹಾಕಿ ಕೊಡ್ತೀನಿ. ಈ ಡಿಸ್ಕಿನ ಜಾತಕ ಎಲ್ಲ ಇದರಲ್ಲೇ ಇರೋದು. ಇದಿಲ್ದೆ ನಡೆಯಲ್ಲ. ಬೇಕಾದ್ರೆ ಎಲ್ಲಾ ಇಲ್ಲೇ ಬಿಟ್ಟು ಹೋಗಿ, ನಂಬರ್ ಮಾತ್ರ ಬರ್ಕೊಳ್ಳಿ."

ಸೊಸೆ ಬಿಟ್ಟು ಬರುವವಳೇ ಇದ್ದಳು. ಮಾವ ಬೋರ್ಡನ್ನೂ ಡಿಸ್ಕನ್ನೂ ಎತ್ತಿ ಟವೆಲ್ಲಿನಲ್ಲಿ ಸುತ್ತಿಬಿಟ್ಟರು.

"ಬೇರೆಯವರ ಅಂಗಡೀಲಿ ಸಾಮಾನು ಬಿಟ್ಟು ಬರ್ತಾರೇನಮ್ಮ?" ಎಂದು ದಾರಿಯಲ್ಲಿ ಬೈದರು. "ಒಳಗಿನ ಮಾಲು ಬದಲಾದ್ರೆ ಯಾರನ್ನ ಕೇಳ್ತೀಯ? ಆ ಚಿಪ್ಪಿನ ಕಥೆ ಕೇಳಿದ್ಯಾ? ಬೋರ್ಡು ತಂದುಕೊಡೋರು ನಾವಂತೆ, ಕಿತ್ತು ಅಂಟಿಸಿ ಹಣ ಎಣಿಸೋನು ಅವನಂತೆ."

"ಅವರು ಹೇಳಿದ ಹಾಗೇ ಮಾಡೋಣ ಮಾವ."

"ಹೂಂ, ಹೂಂ. ಮೊದಲು ಸಿಗಲಿ."

ಮಾವನ ಅನುಮಾನಕ್ಕೆ ಕಾರಣವಿತ್ತು. ಮೋಟರಪ್ಪ ಎಂಬ ಅವರ ಅಡ್ಡಹೆಸರು ಸುತ್ತಲಿನ ನಾಲ್ಕು ಬೀದಿಗೂ ಗೊತ್ತು. ಪಂಪು, ಫ್ಯಾನು, ಮಿಕ್ಸರು ಏನೇ ಕೆಟ್ಟರೂ ಜನ ಹತ್ತಿರದ ಅಂಗಡಿ ದಾಟಿ ಅವರ ಬಳಿ ಬರುತ್ತಿದ್ದರು. ಅದಕ್ಕೆ ಅವರ ಒಂದು ಕಟ್ಟುಪಾಡೇ ಕಾರಣ. ಕೆಟ್ಟ ಭಾಗ ಬದಲಾಯಿಸಿದ ಮೇಲೆ ಹಳೆಯದನ್ನು ಗಿರಾಕಿಯ ಕಣ್ಣೆದುರೇ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಒಡೆಯುವರು. ಬೇರೆ ಅಂಗಡಿಯವರು ಸುಟ್ಟ ಭಾಗವನ್ನು ತೊಳೆದು, ಬಣ್ಣ ಬಳಿದು ಇನ್ನೊಬ್ಬರ ತಲೆಗೆ ಕಟ್ಟುತ್ತಿದ್ದರು. ಮಾವ ಕೆಲಸ ಕಲಿತ ಅಂಗಡಿಯಲ್ಲೇ ಅದು ನಡೆಯುತ್ತಿತ್ತು. ಆ ಅಂಗಡಿ ಬಿಟ್ಟ ದಿನವೇ ಸುತ್ತಿಗೆ ಹಿಡಿದವರು, ಇವತ್ತಿಗೂ ಬಿಟ್ಟಿರಲಿಲ್ಲ. "ನನ್ನ ಮೇಜಿಂದ ಸತ್ತ ಸಾಮಾನು ಎದ್ದು ಹೋದದ್ದಿಲ್ಲ" ಎನ್ನುವುದು ಅವರ ಹೆಮ್ಮೆಯ ಮಾತು.

ಹಳೇ ಕಂಪ್ಯೂಟರಿನ ಬೀದಿ ರೈಲು ಹಳಿಯ ಪಕ್ಕದಲ್ಲಿತ್ತು. ಎರಡೂ ಬದಿಗೆ ತಗಡಿನ ಮಳಿಗೆಗಳು, ಒಳಗೆ ಎದೆಯೆತ್ತರ ರಾಶಿ. ಕೀಬೋರ್ಡುಗಳನ್ನು ಕಟ್ಟಿಗೆಯಂತೆ ಕಂತೆ ಕಟ್ಟಿ ಇಟ್ಟಿದ್ದರು. ಡಿಸ್ಕುಗಳನ್ನು ತಕ್ಕಡಿಯಲ್ಲಿ ತೂಗಿ ಮಾರುತ್ತಿದ್ದರು. ಮಾವ ಶರ್ಟಿನ ತೋಳು ಮಡಿಸಿ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಸೊಸೆ ಟಾರ್ಚು ಹಿಡಿದಳು.

"ಅಜ್ಜ, ಅದೇ ಕಂಪನಿ, ಅದೇ ಸೈಜು. ಇನ್ನೇನು ಬೇಕು?" ಎಂದ ಮಳಿಗೆಯವನು.

"ನಿನ್ನ ಅಣ್ಣಂದೂ ನಿಂದೂ ಒಂದೇ ಮನೆ, ಒಂದೇ ಎತ್ತರ. ಅಂತ ಅವನ ಹೆಂಡ್ತಿ ನಿನ್ನನ್ನ ಗಂಡ ಅಂತಾಳೇನಯ್ಯ? ನಂಬರ್ ತೋರ್ಸು."

ಮಳಿಗೆಯವನು ನಕ್ಕು ಇನ್ನೊಂದು ಮೂಟೆ ಸುರಿದ. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಕೈಯೂ ಮಸಿಯಾಗಿತ್ತು. ನಂಬರು ಹತ್ತಿರ ಬಂದು ಕೊನೆಯ ಅಕ್ಷರದಲ್ಲಿ ಕೈ ಕೊಡುತ್ತಿತ್ತು. ಅಂಥದೊಂದು ಸಿಕ್ಕಾಗ "ಇದನ್ನೇ ತಗೊಳ್ಳೋಣ್ವಾ?" ಎಂದು ಸೊಸೆ ಕೇಳಿದರೆ ಮಾವ ಕಣ್ಣು ಕೆಂಪಗೆ ಮಾಡಿದರು. "ಹತ್ತಿರದ್ದು ಅಂದ್ರೆ ಬೇರೇದು ಅಂತ ಅರ್ಥ."

ಹೀಗೆ ಮೂರು ನಾಲ್ಕು ದಿನ ಹೋದರು. ಬೆಳಗ್ಗೆ ಎದ್ದು ಅಡುಗೆ ಮುಗಿಸಿ, ಬ್ರೆಡ್ಡಿನ ನಡುವೆ ಬೇಯಿಸಿದ ಮೊಟ್ಟೆಯಿಟ್ಟು ಕಟ್ಟಿಕೊಂಡು ಹೊರಡುವುದು. ಹಳಿಯ ಪಕ್ಕದ ಕಲ್ಲಿನ ಮೇಲೆ ಕೂತು ತಿನ್ನುವುದು. ಮದುವೆಯಾಗಿ ಬಂದಾಗಿನಿಂದ ಮಾವನ ಜೊತೆ ಅವಳು ಇಷ್ಟು ಮಾತಾಡಿದ್ದೇ ಇಲ್ಲ. ಒಂದು ಮಳಿಗೆಯಲ್ಲಿ ಅವರು "ನನ್ನ ಸೊಸೆ. ಕಂಪ್ಯೂಟರ್ ಕಸೂತಿ ಮಾಡ್ತಾಳೆ. ಈ ಊರಿನ ಅರ್ಧ ಮಕ್ಕಳ ಎದೆ ಮೇಲಿರೋದು ಇವಳ ಕೈಕೆಲಸವೇ" ಎಂದು ಹೇಳಿದ್ದು ಅವಳ ಕಿವಿಗೆ ಬಿತ್ತು. ಮನೆಯಲ್ಲಿ ಅವರು ಆ ಕೆಲಸವನ್ನು ಕರೆಯುತ್ತಿದ್ದದ್ದು 'ಹೂವು ಬಿಡಿಸೋದು' ಎಂದು. ಅವಳು ಟಾರ್ಚನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಮನೆಯಲ್ಲಿ ಮಾತ್ರ ಪಾತ್ರೆಗಳ ಸದ್ದು ಜೋರಾಯಿತು.

"ಮಾವ ಸೊಸೆ ದಿನಾ ಜಾತ್ರೆಗೆ ಹೋದ ಹಾಗೆ ಹೋಗ್ತಾರೆ. ಅನ್ನ ಆರಿ ಕಲ್ಲಾಗಿರುತ್ತೆ," ಎಂದರು ಅತ್ತೆ, ಮಾವನ ತಟ್ಟೆಗೆ ಸಾರು ಬಡಿಸುತ್ತಾ.

"ಬಿಸಿ ಮಾಡ್ಕೊಂಡು ತಿನ್ನೋಕೆ ನಿನಗೇನು ಕಷ್ಟ?"

"ನನಗೇನು ಕಷ್ಟ! ಮನೇಲಿ ಕಷ್ಟ ಇರೋದು ಡಿಸ್ಕಿಗೊಂದಕ್ಕೇ."

ಮಗ ತಟ್ಟೆಯಿಂದ ತಲೆಯೆತ್ತದೆ, "ಅಷ್ಟು ಹುಡುಕೋ ಬದಲು ಅವಳು ಹೊಸದಾಗೇ ಬಿಡಿಸಬಹುದಿತ್ತಪ್ಪ. ಒಂದ್ಸಲ ಮಾಡಿದ್ದಲ್ವಾ," ಎಂದ.

ಸೊಸೆ ಸೌಟು ಕೆಳಗಿಟ್ಟಳು. "ನೀವು ಡಿಪೋದಲ್ಲಿ ಏಳು ವರ್ಷ ದುಡಿದಿದ್ದೀರಲ್ಲ. ಅಷ್ಟೂ ಹೋಯ್ತು, ನಾಳೆಯಿಂದ ಮತ್ತೆ ಮಾಡಿ ಅಂದ್ರೆ ಮಾಡ್ತೀರಾ? ಈ ತಿಂಗಳೊಳಗೆ?"

"ಬಂತಪ್ಪ, ನನ್ನ ಹೆಸರು ಬಂತು."

"ಬರದೆ ಏನು?" ಎಂದರು ಮಾವ. "ಸುಟ್ಟೋನು ನೀನು. ಬಾಯಿ ಮುಚ್ಕೊಂಡು ತಿನ್ನು."

ಸಾಹುಕಾರ ಎರಡು ಸಲ ಫೋನು ಮಾಡಿದ. ಮೂರನೆಯ ಸಲ ಮಾಡಿದಾಗ ಸೊಸೆ ತಾನೇ ಬಂದು ಮಾತಾಡುವುದಾಗಿ ಹೇಳಿದಳು. ಅವತ್ತು ಮಾವ ಒಬ್ಬರೇ ಹಳೇ ಕಂಪ್ಯೂಟರಿನ ಬೀದಿಗೆ ಹೋದರು.

ಸಾಹುಕಾರನ ಅಂಗಡಿಯಲ್ಲಿ ಅಳತೆ ಕೊಡಲು ಬಂದವರ ಗದ್ದಲ. ಅವಳು ಒಂದು ಮೂಲೆಯಲ್ಲಿ ಅವನಿಗೆ ಬಿಡುವಾಗುವ ತನಕ ನಿಂತಳು. ಅವನು ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ.

"ಬ್ಯಾಡ್ಜಕ್ಕ, ನಿಮ್ಮ ಕೈಯ ಹೊಲಿಗೆ ಒಗೆದ್ರೂ ಸುಕ್ಕಾಗಲ್ಲ, ಅದಕ್ಕೇ ಕಾದೆ. ಆದ್ರೆ ಮೇಲ್ಬೀದಿ ಕಸೂತಿ ಮೇಡಂ ದಿನಾ ಬಂದು ಕೂತ್ಕೋತಾರೆ. ಇನ್ನೊಂದು ವಾರ ಕೊಡ್ತೀನಿ. ಅದಾದ್ಮೇಲೆ ನನ್ನ ಕೈಲಿ ಆಗಲ್ಲ."

ಒಂದು ವಾರ. ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ಇಣುಕಿ ನೋಡಿಯೇ ಹೊರಟಳು. ದಾರಿಯಲ್ಲಿ ಟೊಮೇಟೊ, ಆಲೂಗಡ್ಡೆ ಕೊಂಡಳು.

ಮನೆ ತಲುಪಿದರೆ ಅತ್ತೆ ಬಾಗಿಲಲ್ಲೇ ನಗುತ್ತಾ ನಿಂತಿದ್ದರು. ಅದೇ ಒಂದು ವಿಶೇಷ.

"ಬಾ, ಬಾ. ಚಹಾ ಮಾಡಿದ್ದೀನಿ. ನಿಮ್ಮ ಮಾವ ಗೆದ್ದು ಬಂದಿದ್ದಾರೆ."

ಮಾವ ಅವಳ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದರು. ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡಿದ್ದರು. ಮೇಜಿನ ಮೇಲೆ ಡಿಸ್ಕು. ತಳದಲ್ಲಿ ಹೊಸ ಬೋರ್ಡು, ಕಲೆಯಿಲ್ಲದ ಹಸಿರು.

"ಅಂಗಡಿಯೊಂದರ ಬಿಲ್ ಹಾಕೋ ಯಂತ್ರದೊಳಗೆ ಇತ್ತು," ಎಂದರು. "ಅವರು ನೋಡೇ ಇರಲಿಲ್ಲ. ನಾನೇ ಬಿಚ್ಚಿಸಿದೆ. ಕೊನೇ ಅಕ್ಷರದ ತನಕ ಅದೇ ನಂಬರು. ಓದು ಬೇಕಾದ್ರೆ."

"ಹಾಕಿಬಿಟ್ರಾ ಮಾವ?"

"ಆರು ಸ್ಕ್ರೂ. ಇದಕ್ಕೆ ಡಾಕ್ಟರ್ ಬೇರೆ ಬೇಕಾ? ಸರಿಯಾದ ಅಡಾಪ್ಟರೇ ಹಾಕಿದ್ದೀನಿ, ನಿನ್ನ ಗಂಡನ ಹಾಗಲ್ಲ. ಕಿವಿಗೊಟ್ಟು ಕೇಳು, ತಿರುಗ್ತಾ ಇದೆ."

ತಿರುಗುತ್ತಿತ್ತು. ಒಂದು ವಾರದಿಂದ ಸತ್ತು ಬಿದ್ದದ್ದು ಉಸಿರಾಡುತ್ತಿತ್ತು. ಆಮೇಲೆ ಟಕ್ ಎಂದಿತು. ಒಂದು ಕ್ಷಣ ಬಿಟ್ಟು ಮತ್ತೆ ಟಕ್. ಟಕ್. ಅವಳು ಕಂಪ್ಯೂಟರು ಹಚ್ಚಿ ನೋಡಿದಳು. ಪರದೆಯ ಮೇಲೆ ಡಿಸ್ಕಿನ ಸುಳಿವೇ ಇಲ್ಲ. ಟಕ್, ಟಕ್ ಎಂದು ಸ್ವಲ್ಪ ಹೊತ್ತು ಬಡಿದುಕೊಂಡು ಅದು ಸುಮ್ಮನಾಯಿತು.

"ಆ ಚಿಪ್ ಬದಲಾಯಿಸಬೇಕಲ್ವಾ," ಎಂದಳು ಸೊಸೆ. ಅವಳಿಗೆ ಇನ್ನೂ ಗಾಬರಿಯಾಗಿರಲಿಲ್ಲ. "ಪರವಾಗಿಲ್ಲ. ಈಗ್ಲೇ ಹೋಗಿ ಮಾಡಿಸ್ಕೊಂಡು ಬರ್ತೀನಿ. ಹಳೇ ಬೋರ್ಡ್ ಕೊಡಿ ಮಾವ."

"ಅದೇ ಚಿಪ್ ಇದರಲ್ಲೂ ಇದೆ ಕಣಮ್ಮ! ಅದೇ ಮೂಲೆ, ಅದೇ ಎಂಟು ಕಾಲು, ಮೇಲೆ ಅಚ್ಚಾಗಿರೋದೂ ಅದೇ. ಭೂತಗನ್ನಡಿ ಹಿಡಿದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದೀನಿ. ಇರೋದನ್ನ ಕಿತ್ತು ಇರೋದನ್ನೇ ಹಾಕೋದು ಯಾವ ಬುದ್ಧಿ?"

"ಹಳೇದು ಎಲ್ಲಿ?"

ಮಾವ ತಮ್ಮ ಮೇಜಿನ ಕಡೆ ಗದ್ದ ತೋರಿಸಿದರು. ಕಬ್ಬಿಣದ ದಿಮ್ಮಿಯ ಪಕ್ಕ ತಗಡಿನ ಡಬ್ಬಿ. ಸೊಸೆ ಅದನ್ನು ನೆಲದ ಮೇಲೆ ಸುರಿದಳು. ಬೋರ್ಡು ನಾಲ್ಕು ಚೂರಾಗಿತ್ತು. ಚಿಪ್ಪುಗಳ ಮೇಲೆ ಒಂದೊಂದಕ್ಕೂ ಸುತ್ತಿಗೆಯ ಪೆಟ್ಟು ಸರಿಯಾಗಿ ಬಿದ್ದಿತ್ತು. ಎಂಟು ಕಾಲಿನದು ನಡುವೆ ಸೀಳಿ ಹಿಟ್ಟಾಗಿ, ಕಾಲುಗಳು ಮಾತ್ರ ಬೋರ್ಡಿಗೆ ಅಂಟಿಕೊಂಡು ನಿಂತಿದ್ದವು.

"ನನ್ನ ಮುಂದೇನೇ ಒಡೆದ್ರು," ಎಂದರು ಅತ್ತೆ, ಚಹಾದ ಲೋಟ ಹಿಡಿದು. "ನೀನಿರಲಿಲ್ಲ ನೋಡು. ಗಿರಾಕಿ ಅಂತ ನನ್ನನ್ನೇ ಕೂರಿಸಿದ್ರು."

ಸೊಸೆ ಚೂರುಗಳನ್ನು ಒಂದು ಕರವಸ್ತ್ರದಲ್ಲಿ ಕಟ್ಟಿಕೊಂಡು ಚಹಾ ಮುಟ್ಟದೆ ಹೊರಟಳು.

ಡಿಸ್ಕ್ ಡಾಕ್ಟರ್ ಕರವಸ್ತ್ರ ಬಿಚ್ಚಿ ಚೂರುಗಳನ್ನು ಬೆರಳಿನಿಂದ ಹರಡಿ ನೋಡಿದ.

"ಯಾರು ಮಾಡಿದ್ದು?"

"ಮನೇಲಿ," ಎಂದು ಅವಳು ಬಿಲ್ ಯಂತ್ರದ ಬೋರ್ಡು, ಟಕ್ ಟಕ್ ಸದ್ದು ಎಲ್ಲ ಹೇಳಿದಳು.

"ಅಲ್ಲಮ್ಮ, ಅಷ್ಟು ಹೇಳಿದ್ದೆ... ಚಿಪ್ಪಿನ ಮೈ ಒಂದೇ ಇರುತ್ತೆ. ಒಳಗೆ ಬರೆದಿರೋದು ಬೇರೆ. ಪ್ರತಿ ಡಿಸ್ಕನ್ನೂ ಕಾರ್ಖಾನೇಲಿ ಅಳೆದು, ಅದರದೇ ಲೆಕ್ಕ ಅದರ ಚಿಪ್ಪಲ್ಲಿ ಬರೀತಾರೆ. ಈ ಹೊಸದರಲ್ಲಿ ಇರೋದು ಆ ಬಿಲ್ ಯಂತ್ರದ ಡಿಸ್ಕಿನ ಲೆಕ್ಕ. ಅದನ್ನ ನಂಬ್ಕೊಂಡು ನಿಮ್ಮ ಡಿಸ್ಕು ಜಾಗ ಹುಡುಕ್ತಿದೆ, ಸಿಗ್ತಿಲ್ಲ. ಟಕ್ ಟಕ್ ಅನ್ನೋದು ಅದೇ."

"ಬೇರೆ ದಾರಿ?"

"ದೊಡ್ಡ ಲ್ಯಾಬುಗಳಿವೆ. ಕಳಿಸಿ, ತಿಂಗಳುಗಟ್ಟಲೆ ಕಾಯಬೇಕು. ಅವರೂ ಖಾತ್ರಿ ಕೊಡಲ್ಲ. ಸುಟ್ಟ ಬೋರ್ಡಲ್ಲೂ ಆ ಚಿಪ್ ಬದುಕಿತ್ತಮ್ಮ. ಬೆಂಕಿ ಅದನ್ನ ಮುಟ್ಟಿರಲಿಲ್ಲ."

ಅವತ್ತು ಊಟದ ಹೊತ್ತಿಗೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಸೊಸೆ ಡಾಕ್ಟರ್ ಹೇಳಿದ್ದನ್ನು ಹೇಳಿದಳು, ಒಂದು ಮಾತೂ ಹೆಚ್ಚಿಲ್ಲದೆ. ಮಾವ ಅರ್ಧ ಕೇಳುವಾಗಲೇ ಕೈಯಾಡಿಸಿದರು.

"ಅವನಿಗೆ ಕೆಲಸ ತನ್ನ ಕೈ ತಪ್ಪಿ ಹೋಯ್ತಲ್ಲ ಅಂತ ಹೊಟ್ಟೆಕಿಚ್ಚು. ನಂಬರ್ ಸರಿಯಾಗೇ ಇತ್ತು. ನೀನೇ ಓದಿದ್ಯಲ್ಲ?"

"ನಂಬರ್ ಸರಿ ಇತ್ತು ಮಾವ. ಅವರು ಇನ್ನೊಂದು ಮಾತೂ ಹೇಳಿದ್ರು. ನಿಮ್ಮೆದುರೇ ಹೇಳಿದ್ರು. ನಾನೂ ಹೇಳಿದೆ. ಹೂಂ ಅಂದ್ರಿ."

"ಐವತ್ತು ವರ್ಷದಿಂದ ರಿಪೇರಿ ಮಾಡ್ತಿದ್ದೀನಿ ನಾನು."

"ಮೋಟರು ಮಾಡ್ತಿದ್ದೀರಿ."

ಅತ್ತೆ ಪಾತ್ರೆಯನ್ನು ಕುಕ್ಕಿ ಇಟ್ಟರು. "ನೋಡು, ನಾಲಿಗೆ ಬಿಗಿ ಹಿಡಿ. ಈ ವಯಸ್ಸಲ್ಲಿ ಬಿಸಿಲಲ್ಲಿ ಅಲೆದು, ಕಸದ ರಾಶೀಲಿ ಕೈಯಾಡಿಸಿ ಹುಡುಕಿ ತಂದಿದ್ದಾರೆ. ಯಾರಿಗೋಸ್ಕರ? ಒಂದು ಒಳ್ಳೆ ಮಾತಿಲ್ಲ ನಿನ್ನ ಬಾಯಲ್ಲಿ."

"ಒಡೀಬೇಡಿ ಅಂತ ನೀವಾದ್ರೂ ಹೇಳಬಾರದಿತ್ತಾ ಅತ್ತೆ? ಎರಡು ಬೋರ್ಡೂ ಬೇಕು ಅಂತ ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದೆ."

"ನನಗೇನು ಗೊತ್ತು ನಿಮ್ಮ ಬೋರ್ಡು ಚಿಪ್ಪು? ನಾನು ಅನ್ನ ಬೇಯಿಸೋಳು."

ಗಂಡ ಆರಾಮಾಗಿ ಎರಡನೇ ಸಲ ಅನ್ನ ಹಾಕಿಸಿಕೊಂಡ. "ಸದ್ಯ, ಈಗ ನನ್ನ ಹೆಸರು ಕೈಬಿಟ್ರಲ್ಲ."

ಮಾವ ಅರ್ಧ ಊಟಕ್ಕೆ ಕೈ ತೊಳೆದು ಎದ್ದುಹೋದರು.

ಮರುದಿನ ಅವರು ಯಾರಿಗೂ ಹೇಳದೆ ಡಿಸ್ಕ್ ಡಾಕ್ಟರ್ ಅಂಗಡಿಗೆ ಹೋಗಿ ಬಂದರು. ಎದುರುಮನೆಯವರು ನೋಡಿ ಹೇಳಿದ್ದರಿಂದ ಮನೆಗೆ ತಿಳಿಯಿತು. ಅಲ್ಲಿ ಏನಾಯಿತೆಂದು ಅವರೂ ಹೇಳಲಿಲ್ಲ, ಸೊಸೆಯೂ ಕೇಳಲಿಲ್ಲ. ಬಂದವರು ಸಂಜೆಯ ತನಕ ಒಂದು ಪಂಪಿನ ಮೋಟರಿಗೆ ತಂತಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಅತ್ತೆ ಚಹಾ ತಂದಿಟ್ಟಾಗ ಹೇಳಿದ್ದು ಒಂದೇ ಮಾತು: "ನಂಬರ್ ಸರಿಯಾಗೇ ಇತ್ತು ಕಣೇ."

ಸಿಕ್ಕ ವಾರದಲ್ಲಿ ಸೊಸೆ ಹೊಸದಾಗಿ ಬಿಡಿಸಲು ಕೂತಳು. ಹಳೆಯ ಬ್ಯಾಡ್ಜುಗಳನ್ನು ಮುಂದಿಟ್ಟುಕೊಂಡು, ಹೊಲಿಗೆಯ ದಿಕ್ಕನ್ನು ಬೆರಳಿನಿಂದ ಸವರಿ ನೋಡಿ, ಪರದೆಯ ಮೇಲೆ ಮತ್ತೆ ಕಟ್ಟತೊಡಗಿದಳು. ಕೂತ ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆ ಬರುತ್ತಿತ್ತು. ಅತ್ತೆಗೆ ಆ ವಾರ ಮಂಡಿ ಜೋರಾಗಿ ನೋಯತೊಡಗಿತ್ತು. ನೀರು ಹಿಡಿಯಬೇಕು, ಬಟ್ಟೆ ನೆನೆಸಬೇಕು, ಈರುಳ್ಳಿ ಹೆಚ್ಚಬೇಕು. ಗಂಡ ಡಿಪೋದಿಂದ ಬಂದು "ಇವತ್ತೂ ಆಲೂಗಡ್ಡೇನಾ?" ಎಂದ. ವಾರ ಮುಗಿದಾಗ ಮೂರು ಲಾಂಛನ ಸಿದ್ಧವಾಗಿದ್ದವು. ಬೇಕಿದ್ದದ್ದು ಅದರ ಹತ್ತರಷ್ಟಕ್ಕಿಂತ ಹೆಚ್ಚು.

ಸಾಹುಕಾರ ಮೂರನ್ನೂ ಬೆಳಕಿಗೆ ಹಿಡಿದು ನೋಡಿದ. ಮೆಚ್ಚಿದ. ಕೆಳಗಿಟ್ಟ.

"ಮಕ್ಕಳು ಬರೀ ಜೇಬಿನ ಅಂಗಿ ಹಾಕ್ಕೊಂಡು ಹೋಗೋಕಾಗಲ್ಲ ಬ್ಯಾಡ್ಜಕ್ಕ. ನಿನ್ನೇನೇ ಮೇಡಂಗೆ ಒಪ್ಕೊಂಡುಬಿಟ್ಟೆ. ಹಿಂದಿನ ಕೋಣೇನೂ ಅವರೇ ತಗೋತಾರೆ." ಸ್ವಲ್ಪ ತಡೆದು ಸೇರಿಸಿದ. "ಅವರಿಗೆ ಇನ್ನೊಂದು ಯಂತ್ರ ಬೇಕಂತೆ. ನಡೆಸೋಕೆ ಕೈಯೂ ಬೇಕಂತೆ. ಯಂತ್ರ ಕೊಟ್ಟೋರಿಗೇ ಕೆಲಸ ಅಂತಿದ್ರು. ಕೇಳಿ ನೋಡಿ. ನಾನು ಹೇಳಿದೆ ಅನ್ನಿ."

ಅವಳು ಹೋಗಿ ಮೇಡಂ ಅವರನ್ನು ಕೇಳಿದಳು. ಮೂರು ದಿನ ಯೋಚಿಸಿದಳು. ಆರ್ಡರಿಲ್ಲದ ಯಂತ್ರ ಮನೆಯಲ್ಲಿದ್ದರೆ ಅದರ ಮೇಲೆ ಒಗೆದ ಬಟ್ಟೆ ಮಡಿಸಿಡುವ ದಿನ ದೂರವಿಲ್ಲವೆಂದು ಅವಳಿಗೆ ಗೊತ್ತಿತ್ತು. ಆಗಲೇ ಒಂದು ಬೆಳಗ್ಗೆ ಅತ್ತೆ ಅದರ ಮೇಲೆ ದಿಂಬಿನ ಚೀಲಗಳನ್ನು ಇಟ್ಟಿದ್ದರು.

ಊಟದ ಹೊತ್ತಿನಲ್ಲೇ ಹೇಳಿದಳು. "ನಾಳೆ ಯಂತ್ರ ತಗೊಂಡು ಹೋಗೋಕೆ ಬರ್ತಾರೆ. ಮಾರಿದ್ದೀನಿ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಯಾರನ್ನ ಕೇಳಿ?"

"ಅದು ನಮ್ಮಮ್ಮ ಬಿಟ್ಟು ಹೋದ ದುಡ್ಡಲ್ಲಿ ಕೊಂಡಿದ್ದು ಮಾವ. ಯಾರನ್ನ ಕೇಳಬೇಕಿತ್ತು?"

"ಮನೇಲಿ ಒಂದು ಮಾತು ಅಂತ ಇರಲ್ವಾ?"

"ಇರುತ್ತೆ. ಒಡೆಯೋಕೆ ಮುಂಚೆ ನನ್ನನ್ನೂ ಒಂದು ಮಾತು ಕೇಳಬಹುದಿತ್ತು."

ಅತ್ತೆಯೇ ಮೊದಲು ಚೇತರಿಸಿಕೊಂಡದ್ದು. "ಹಣ ಯಾವಾಗ ಬರುತ್ತೆ? ಡಬ್ಬೀಲಿ ಹಾಕಿಡ್ತೀನಿ."

"ಅದು ಡಬ್ಬಿಗೆ ಬರಲ್ಲ ಅತ್ತೆ. ನಾನೂ ನಾಳಿದ್ದಿಂದ ಕೆಲಸಕ್ಕೆ ಹೋಗ್ತೀನಿ. ಬೆಳಗ್ಗೆ ಎಂಟಕ್ಕೆ ಹೊರಡ್ತೀನಿ."

"ಎಲ್ಲಿಗೆ?" ಎಂದ ಗಂಡ.

"ಯಂತ್ರ ಹೋದ ಕಡೆಗೆ."

ಯಂತ್ರವನ್ನು ನಾಲ್ಕು ಜನ ಎತ್ತಿ ಗಾಡಿಗೆ ಹಾಕಿದರು. ಬಾಗಿಲಿನ ಚೌಕಟ್ಟಿಗೆ ತಾಗದಂತೆ ಮಾವನೇ ಮುಂದೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಹೇಳಿಕೊಟ್ಟರು. ಗಾಡಿ ಹೋದ ಮೇಲೆ ಖಾಲಿ ಜಾಗದಲ್ಲಿ ಬಣ್ಣಬಣ್ಣದ ದಾರದ ಚೂರುಗಳು ಉಳಿದಿದ್ದವು. ಅತ್ತೆ ಗುಡಿಸಿದರು. ಸಂಜೆಯ ಹೊತ್ತಿಗೆ ಮಾವನ ಪಂಪುಗಳು, ಕಳಚಿದ ಫ್ಯಾನಿನ ರೆಕ್ಕೆಗಳು ಅಲ್ಲಿಗೆ ಹರಡಿಕೊಂಡವು.

ಸಾಹುಕಾರನ ಹಿಂದಿನ ಕೋಣೆಯಲ್ಲಿ ಈಗ ಎರಡು ಯಂತ್ರಗಳು. ಅವಳು ಅಳತೆ ಮಾಡಿಟ್ಟ ಜಾಗದಲ್ಲಿ, ಕಿಟಕಿಯ ಪಕ್ಕ, ಮೇಡಂ ಕುರ್ಚಿ ಹಾಕಿಕೊಂಡಿದ್ದರು. ಅವಳ ಯಂತ್ರ ಗೋಡೆಯ ಕಡೆಗೆ. ಲಾಂಛನಗಳನ್ನು ಬಿಡಿಸುತ್ತಿದ್ದದ್ದು ಮೇಡಂನ ತಂಗಿಯ ಮಗ. ಬೇಗ ಬೇಗ ಬಿಡಿಸುತ್ತಿದ್ದ. ಒಂದು ಶಾಲೆಯ ದೀಪದ ಜ್ವಾಲೆಗೆ ಅವನು ಹೊಲಿಗೆಯನ್ನು ಅಡ್ಡಡ್ಡ ಓಡಿಸಿದ್ದರಿಂದ ತುದಿಯಲ್ಲಿ ದಾರ ಒತ್ತೊತ್ತಾಗಿ ಪ್ರತಿ ಸಲ ಅಲ್ಲೇ ಕಡಿಯುತ್ತಿತ್ತು. ಕಡಿದಾಗ ಯಂತ್ರ ನಿಂತು ಕೀ ಎನ್ನುತ್ತಿತ್ತು.

"ದಾರ ನೋಡಿ ಬ್ಯಾಡ್ಜಕ್ಕ," ಎನ್ನುತ್ತಿದ್ದರು ಮೇಡಂ, ಫೋನಿನಿಂದ ತಲೆಯೆತ್ತದೆ.

ಮೊದಲ ದಿನ ಅವಳು ಹೇಳಿದ್ದಳು. "ಜ್ವಾಲೆಗೆ ಹೊಲಿಗೆ ಉದ್ದಕ್ಕೆ ತಿರುಗಿಸಿದ್ರೆ ಕಡಿಯಲ್ಲ."

"ಅದನ್ನ ಅವನು ನೋಡ್ಕೋತಾನೆ. ನೀವು ಯಂತ್ರ ನೋಡ್ಕೊಳ್ಳಿ."

ಆಮೇಲೆ ಅವಳು ಹೇಳಲಿಲ್ಲ. ದಾರ ಪೋಣಿಸಿ ಗುಂಡಿ ಒತ್ತುತ್ತಿದ್ದಳು. ದಿನಕ್ಕೆ ಎಷ್ಟೋ ಸಲ.

ಒಂದು ತಿಂಗಳಾಗುವ ಹೊತ್ತಿಗೆ ಒಂದು ಸಂಜೆ ಅವಳು ಮನೆಗೆ ಬಂದಾಗ ಮಾವ ಒಬ್ಬರೇ ಮುಂದಿನ ಕೋಣೆಯಲ್ಲಿದ್ದರು. ಆ ಜಗಳದ ನಂತರ ಇಬ್ಬರ ನಡುವೆ ಊಟ, ನೀರು ಎನ್ನುವಷ್ಟೇ ಮಾತಿತ್ತು. ಅವಳು ಚಪ್ಪಲಿ ಬಿಡುವಾಗ ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು.

"ಯಂತ್ರ ಹೇಗೆ ನಡ್ಕೊಂಡು ಹೋಗ್ತಿದೆ?"

"ಚೆನ್ನಾಗಿದೆ."

"ಎಣ್ಣೆ ಹಾಕ್ತಾರಾ ಅವರು? ಮೋಟರು ಒಂಚೂರು ಕೂಗಿದ್ರೂ ನಂಗೆ ಹೇಳು. ಬಂದು ನೋಡ್ತೀನಿ. ಕಾಸೇನೂ ಬೇಡ."

ಅವಳು ಅವರ ಕೈ ನೋಡಿದಳು. ಉಗುರಿನ ಸಂದಿಗಳಲ್ಲಿ ಕಪ್ಪು ಮಸಿ.

"ಬೇಡ ಮಾವ. ಅದು ಈಗ ನಮ್ಮದಲ್ಲ."

ಅವರು ಕನ್ನಡಕ ಹಾಕಿಕೊಂಡು ಮತ್ತೆ ಮೋಟರಿನ ಮೇಲೆ ಬಗ್ಗಿದರು.

"ಬಂದ್ಯಾ?" ಎಂದು ಒಳಗಿನಿಂದ ಅತ್ತೆ ಕೂಗಿದರು. "ಅಕ್ಕಿ ತೊಳೆದಿಟ್ಟಿದ್ದೀನಿ. ಕೈಕಾಲು ತೊಳ್ಕೊಂಡು ಒಲೆ ಮೇಲೆ ಇಡು ಬಾ. ಅವನು ಬರೋ ಹೊತ್ತಾಯ್ತು."

ಸೊಸೆ ಚೀಲವನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು.